ಕೊಟ್ಟವನ ಹೆಸರು, ಪಡೆದವನ ಹೆಮ್ಮೆ

ದಾನ ದೊಡ್ಡದೋ, ಸ್ವಂತ ಸಾಧನೆಯ ಹೆಮ್ಮೆ ದೊಡ್ಡದೋ ಎಂಬ ಪ್ರಶ್ನೆಯನ್ನು ಇಂದಿನ ಮಾತಿಗೆ ವಿಷಯವಾಗಿ ಕೊಟ್ಟಿದ್ದೀರಿ. ಈ ಚರ್ಚೆ ಎಲ್ಲಿ ನಡೆದರೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತದೆ. ದುಡಿದು ಮೇಲೆ ಬಂದವನು ತನ್ನ ಗಳಿಕೆಯ ಬಗ್ಗೆ ಹೆಮ್ಮೆಪಟ್ಟರೆ ತಪ್ಪೇನು, ಕೊಡುವವನನ್ನೇ ಹೊಗಳುತ್ತ ಹೋದರೆ ದುಡಿಮೆಗೆ ಬೆಲೆ ಎಲ್ಲಿ ಉಳಿಯುತ್ತದೆ ಎಂದು ಒಂದು ಪಕ್ಷ ಕೇಳುತ್ತದೆ. ಹತ್ತು ಜನರಿಗೆ ಆಗಿಬರದ ಗಳಿಕೆ ಇದ್ದರೇನು, ಬಿಟ್ಟರೇನು ಎಂದು ಇನ್ನೊಂದು ಪಕ್ಷ ಉತ್ತರಿಸುತ್ತದೆ. ಎರಡೂ ಪಕ್ಷಗಳು ಮಾತನಾಡುವುದು ಕೈಯಲ್ಲಿ ಹಣವಿರುವವನ ಬಗ್ಗೆಯೇ: ಅವನು ಇಟ್ಟುಕೊಳ್ಳಬೇಕೋ ಕೊಡಬೇಕೋ, ಬೀಗಬೇಕೋ ಬಾಗಬೇಕೋ. ತೆಗೆದುಕೊಳ್ಳುವವನು ಈ ಚರ್ಚೆಯಲ್ಲಿ ಬಾಯಿ ತೆರೆಯುವುದೇ ಇಲ್ಲ. ಅವನಿಗೂ ಒಂದು ಹೆಮ್ಮೆ ಇರುತ್ತದೆ, ಇರಬೇಕು. ಅದನ್ನು ಉಳಿಸುವ ದಾನ ಯಾವುದು, ಕಸಿಯುವ ದಾನ ಯಾವುದು ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ನಾನು ಇಂದು ಮಾತನಾಡುವುದು ಆ ಕಡೆಯಿಂದ.

ಮೊದಲು ನಮ್ಮದೇ ಬಾಗಲಕೋಟೆ ಜಿಲ್ಲೆಯ ಎರಡು ಶಾಸನಗಳನ್ನು ನೋಡೋಣ. ಬಾದಾಮಿಯ ಮೂರನೆಯ ಗುಹೆಯನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿದ್ದೀರಿ. ಅಲ್ಲಿಯ ಸಂಸ್ಕೃತ ಶಾಸನ ಶಕ ವರ್ಷ 500ರದು, ಎಂದರೆ ಕ್ರಿ.ಶ. 578ರದು. ಚಾಲುಕ್ಯ ದೊರೆ ಕೀರ್ತಿವರ್ಮ ಆಳುತ್ತಿದ್ದ ಕಾಲ. ಗುಹೆಯನ್ನು ಕೊರೆಸಿದವನು ಅವನ ತಮ್ಮ ಮಂಗಲೇಶ. ವಿಷ್ಣುವಿಗೆ ಆಲಯ ಮಾಡಿಸಿ, ಅಲ್ಲಿಯ ಪೂಜೆಗೂ ಅನ್ನದಾನಕ್ಕೂ ಒಂದು ಊರನ್ನು ಬಿಟ್ಟುಕೊಟ್ಟು, ಆ ಬಳಿಕ ಮಂಗಲೇಶ ಒಂದು ವಿಶೇಷವಾದ ಕೆಲಸ ಮಾಡುತ್ತಾನೆ. ಇದರಿಂದ ಬರುವ ಪುಣ್ಯವೆಲ್ಲ ನನ್ನ ಅಣ್ಣನದಾಗಲಿ ಎಂದು ದೇವರ ಮುಂದೆ, ನೆರೆದ ಜನರ ಮುಂದೆ ಧಾರೆ ಎರೆದು ಕೊಡುತ್ತಾನೆ; ಅಣ್ಣನ ಸೇವೆ ಮಾಡಿದ ಫಲವೊಂದು ತನಗಿದ್ದರೆ ಸಾಕೆನ್ನುತ್ತಾನೆ. ದಾನವನ್ನೂ ಕೊಟ್ಟು, ದಾನದ ಫಲವನ್ನೂ ಕೊಟ್ಟುಬಿಟ್ಟ ಮನುಷ್ಯ ಎಂದು ಅವನನ್ನು ನಾವು ಕೊಂಡಾಡಬಹುದು.

ಇನ್ನೊಂದು ಶಾಸನ ಐಹೊಳೆಯ ಮೇಗುತಿ ಗುಡಿಯದು, ಕ್ರಿ.ಶ. 634ರದು. ಬರೆದವನು ರವಿಕೀರ್ತಿ ಎಂಬ ಜೈನ ಕವಿ. ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು, ಉತ್ತರಾಪಥದ ಹರ್ಷನನ್ನು ತಡೆದ ಸಂಗತಿಯನ್ನು ಅವನು ಎದೆ ತುಂಬಿ ಹೊಗಳುತ್ತಾನೆ. ಕೊನೆಗೆ ತನ್ನ ಬಗ್ಗೆಯೂ ಹೇಳಿಕೊಳ್ಳುತ್ತಾನೆ: ಕವಿತೆಯಲ್ಲಿ ತಾನು ಕಾಳಿದಾಸ ಭಾರವಿಯರ ಕೀರ್ತಿಯನ್ನು ಪಡೆದವನು ಎಂದು. ಸಾಧನೆಯ ಹೆಮ್ಮೆಗೆ ಇದಕ್ಕಿಂತ ದಿಟ್ಟ ಮಾತು ನಮ್ಮ ನಾಡಿನ ಕಲ್ಲುಗಳ ಮೇಲೆ ಹೆಚ್ಚಿಲ್ಲ.

ಹಾಗಾದರೆ ಬಾದಾಮಿಯದು ದಾನದ ಪಕ್ಷ, ಐಹೊಳೆಯದು ಹೆಮ್ಮೆಯ ಪಕ್ಷ ಎಂದು ಹಂಚಿಕೊಂಡು ಕೂರಬಹುದೇ? ಆಗದು. ರವಿಕೀರ್ತಿ ಆ ಹೆಮ್ಮೆಯ ಮಾತನ್ನು ಕೆತ್ತಿಸಿದ್ದು ತಾನು ಕಟ್ಟಿಸಿ ಕೊಟ್ಟ ಜಿನಾಲಯದ ಗೋಡೆಯ ಮೇಲೆ. ಪುಣ್ಯವನ್ನೆಲ್ಲ ಅಣ್ಣನಿಗೆ ಕೊಟ್ಟ ಮಂಗಲೇಶನ ಮುಂದಿನ ಕತೆಯನ್ನು ಹೇಳುವುದೂ ಅದೇ ಐಹೊಳೆಯ ಶಾಸನ: ಅಣ್ಣನ ನಂತರ ತಾನೇ ಪಟ್ಟಕ್ಕೆ ಬಂದು, ಅಣ್ಣನ ಮಗ ಪುಲಕೇಶಿಗೆ ಸಲ್ಲಬೇಕಾಗಿದ್ದ ರಾಜ್ಯವನ್ನು ತನ್ನ ಮಗನಿಗೆ ಉಳಿಸಲು ಹೊರಟು, ಆ ಪ್ರಯತ್ನದಲ್ಲಿಯೇ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡ. ಪುಣ್ಯವನ್ನು ಬಿಟ್ಟುಕೊಡುವುದು ಅವನಿಗೆ ಸಾಧ್ಯವಾಯಿತು, ಸಿಂಹಾಸನವನ್ನು ಬಿಟ್ಟುಕೊಡುವುದು ಆಗಲಿಲ್ಲ. ಕಂಚಿಯನ್ನು ಗೆದ್ದ ಇಮ್ಮಡಿ ವಿಕ್ರಮಾದಿತ್ಯನೂ ಅಲ್ಲಿಯ ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ಗುಡಿಗೇ ಹಿಂದಿರುಗಿಸಿ, ಆ ಸಂಗತಿಯನ್ನು ಅದೇ ಗುಡಿಯಲ್ಲಿ ಕನ್ನಡದಲ್ಲಿ ಕೆತ್ತಿಸಿದ. ಅದು ಔದಾರ್ಯವೂ ಹೌದು, ಗೆದ್ದವನ ಹೆಮ್ಮೆಯೂ ಹೌದು. ಕೊಡುವವನ ಮನಸ್ಸಿನಲ್ಲಿ ಇವೆರಡನ್ನು ಬೇರೆ ಬೇರೆ ಮಾಡಿ ಅಳೆಯಲು ಹೊರಟರೆ ನಾವು ಎಲ್ಲಿಗೂ ಮುಟ್ಟುವುದಿಲ್ಲ. ಆದ್ದರಿಂದಲೇ ಪಡೆಯುವವನ ಕಡೆಗೆ ಹೊರಳಿ ನೋಡಬೇಕು ಎಂದು ನಾನು ಹೇಳುತ್ತಿರುವುದು.

ಸಾಧನೆಯ ಹೆಮ್ಮೆಯನ್ನು ಎತ್ತಿ ಹಿಡಿಯುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ. ವಿಜಯಪುರ ಜಿಲ್ಲೆಯ ಹಳ್ಳಿಗಳಿಂದ ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗಿ, ಕಟ್ಟಡಗಳಲ್ಲಿ ಕಲ್ಲುಮಣ್ಣು ಹೊತ್ತು, ಕಬ್ಬು ಕಡಿದು, ಉಳಿಸಿದ ದುಡ್ಡಿನಲ್ಲಿ ಊರಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದವನು ಆ ಮನೆಯ ಮುಂದೆ ನಿಂತು, ಯಾರ ಮುಂದೂ ಕೈ ಒಡ್ಡಲಿಲ್ಲ ಎಂದು ಹೇಳುತ್ತಾನಲ್ಲ, ಆ ಮಾತಿನಲ್ಲಿರುವ ಹೆಮ್ಮೆಯನ್ನು ಅಹಂಕಾರವೆಂದು ಕರೆಯುವ ಹಕ್ಕು ನಮಗಾರಿಗೂ ಇಲ್ಲ. 1972ರ ಬರಗಾಲವನ್ನು ಕಂಡ ಹಿರಿಯರನ್ನು ಕೇಳಿ ನೋಡಿ. ಗಂಜಿಗಾಗಿ ಸರತಿಯಲ್ಲಿ ನಿಂತದ್ದನ್ನು ಹೇಳಲು ಅವರು ಹಿಂಜರಿಯುತ್ತಾರೆ. ಬರಗಾಲದ ಕಾಮಗಾರಿಯಲ್ಲಿ ತಾವು ತೋಡಿದ ಕೆರೆ ಇದು, ತಾವು ಖಡಿ ಒಡೆದು ಹಾಕಿದ ರಸ್ತೆ ಇದು ಎಂದು ಕೈ ತೋರಿಸುವಾಗ ಅವರ ದನಿ ಬೇರೆಯಾಗುತ್ತದೆ. ಹೊಟ್ಟೆಗೆ ಬಿದ್ದದ್ದು ಎರಡೂ ಕಡೆ ಅನ್ನವೇ, ಆದರೆ ಒಂದು ಕಡೆ ಅದು ಕೂಲಿಯಾಗಿ ಬಂತು. 2005ರ ಉದ್ಯೋಗ ಖಾತ್ರಿ ಕಾಯಿದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹಕ್ಕಾಗಿ ಮಾಡಿದಾಗ, ಅದರ ಹಿಂದೆ ಇದ್ದದ್ದು ಇದೇ ತಿಳಿವಳಿಕೆ.

ಶರಣರ ಪರಂಪರೆಯಲ್ಲಿಯೂ ಈ ಹೆಮ್ಮೆಗೆ ದೊಡ್ಡ ಸ್ಥಾನವಿದೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ, ಆಸೆ ಅರಸರಿಗೆ ಇರಬಹುದು, ನಮಗೆ ಏಕೆ, ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕತೆಯನ್ನು ನಾವು ಆಸೆಪಡಬಾರದೆಂಬ ಪಾಠವಾಗಿ ಮಕ್ಕಳಿಗೆ ಹೇಳುತ್ತೇವೆ. ನನಗೆ ಅದರಲ್ಲಿ ಬಡವಳೊಬ್ಬಳ ತಲೆ ಎತ್ತಿದ ನಿಲುವು ಹೆಚ್ಚು ಕಾಣುತ್ತದೆ. ತನ್ನ ಕಾಯಕಕ್ಕೆ ಸಂದದ್ದೆಷ್ಟು, ಇನ್ನೊಬ್ಬರ ದೊಡ್ಡತನದಿಂದ ಬಂದದ್ದೆಷ್ಟು ಎಂಬ ಲೆಕ್ಕ ಲಕ್ಕಮ್ಮನಿಗೆ ಸ್ಪಷ್ಟವಾಗಿತ್ತು, ಎರಡನೆಯದು ಅವಳಿಗೆ ಬೇಡವಾಗಿತ್ತು.

ಆದರೆ ಎಲ್ಲವನ್ನೂ ನಾನೇ ಮಾಡಿಕೊಂಡೆ ಎನ್ನುವವನ ಮಾತು ಎಷ್ಟು ನಿಜ ಎಂದು ಕೇಳದೆ ಬಿಡಲಾಗದು, ಅದರಲ್ಲೂ ಬಾಗಲಕೋಟೆಯಲ್ಲಿ ನಿಂತು ಈ ಮಾತನಾಡುವಾಗ. ನಾವು ಕೂತಿರುವ ನವನಗರ ಇರುವುದೇ ಹಳೆಯ ಊರಿನ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದದ್ದರಿಂದ. 1964ರಲ್ಲಿ ಅಡಿಗಲ್ಲು ಬಿದ್ದ ಆ ಅಣೆಕಟ್ಟಿನಲ್ಲಿ ಇಂದು 519.60 ಮೀಟರಿನವರೆಗೆ ನೀರು ನಿಲ್ಲುತ್ತದೆ, ಅದನ್ನು 524.256 ಮೀಟರಿಗೆ ಏರಿಸುವ ಮಾತು ನಡೆದೇ ಇದೆ. ಆ ನೀರು ಮುಟ್ಟಿದಲ್ಲೆಲ್ಲ ಜೋಳದ ಹೊಲಗಳು ಕಬ್ಬಿನ, ಭತ್ತದ ಭೂಮಿಯಾದವು. ಅಲ್ಲಿ ಬೆಳೆದು, ಮಾರಿ, ಮಗನನ್ನು ಎಂಜಿನಿಯರ್ ಮಾಡಿದ ರೈತ ತನ್ನ ಬೆವರಿನ ಬಗ್ಗೆ ಹೆಮ್ಮೆಪಡಲಿ, ಅದು ಅವನ ಹಕ್ಕು. ಆದರೆ ಆ ಬೆವರಿಗೆ ಫಲ ಬರಲು ಇನ್ನಾರದೋ ಮನೆ, ಹೊಲ, ಹನುಮಪ್ಪನ ಗುಡಿ ನೀರಿನ ತಳಕ್ಕೆ ಹೋಗಿದೆ. ಮುಳುಗಡೆಯ ಜನರ ತ್ಯಾಗ ಎಂದು ವೇದಿಕೆಗಳ ಮೇಲೆ ಹೇಳುವುದನ್ನು ನೀವು ಬಹಳ ಸಲ ಕೇಳಿದ್ದೀರಿ. ಆ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ಅವರು ಮನಸ್ಸು ಮಾಡಿ ಕೊಟ್ಟದ್ದಲ್ಲ, ಅವರಿಂದ ತೆಗೆದುಕೊಂಡದ್ದು. ಪರಿಹಾರದ ಹಣಕ್ಕೂ ಅವರು ಕಚೇರಿಯಿಂದ ಕಚೇರಿಗೆ, ಕೋರ್ಟಿನಿಂದ ಕೋರ್ಟಿಗೆ ಅಲೆದರು. ತೆಗೆದುಕೊಂಡದ್ದನ್ನು ದಾನವೆಂದು ಹೊಗಳಿದರೆ ಅವರ ನ್ಯಾಯದ ಬೇಡಿಕೆ ಮರೆಯಾಗುತ್ತದೆ. ಸಾಧಕನೊಬ್ಬ ಇವರಿಗೆ ಸಲ್ಲಿಸಬೇಕಾದದ್ದು ದಾನದ ಖಾತೆಗೆ ಬರುವುದೇ ಇಲ್ಲ, ಸಾಲದ ಖಾತೆಗೆ ಬರುತ್ತದೆ.

ಇದೇ ಮಾತಿಗೆ ಹೊಂದಿಕೊಂಡ ಇನ್ನೊಂದು ಸಂಗತಿ ಹಳ್ಳಿಯ ಆಯ. ಸುಗ್ಗಿಯಲ್ಲಿ ಕಣಕ್ಕೆ ಬಂದ ಬಡಿಗ, ಕಂಬಾರ, ಅಗಸ, ಹೊಲೆಯ, ಮಾದಿಗ ಎಲ್ಲರಿಗೂ ರಾಶಿಯಿಂದ ಕಾಳು ಅಳೆದು ಕೊಡುತ್ತಿದ್ದುದನ್ನು ನಾವು ಹಿಂದಿನವರ ಔದಾರ್ಯವೆಂದು ಸ್ಮರಿಸುತ್ತೇವೆ. ಅದು ವರ್ಷವಿಡೀ ಮಾಡಿದ ಕೆಲಸದ ಕೂಲಿ. ಆದರೂ ಪಡೆಯುವವರಲ್ಲಿ ಕೆಲವರು ಕಣದ ಹೊರಗೆ ದೂರ ನಿಂತು, ಸೆರಗೊಡ್ಡಿ, ದಣಿಯರ ದೊಡ್ಡತನವನ್ನು ಹೊಗಳಿ ಪಡೆಯಬೇಕಿತ್ತು. ಕೂಲಿಯನ್ನು ದಾನದ ವೇಷದಲ್ಲಿ ಕೊಟ್ಟಾಗ ಪಡೆದವನಿಂದ ಅವನ ಕೆಲಸದ ಹೆಮ್ಮೆಯೂ ಹೋಗುತ್ತದೆ. ದಾನದ ಪಕ್ಷದವರು ಈ ಚರಿತ್ರೆಯನ್ನು ಮರೆಯಬಾರದು.

ಹಾಗಾದರೆ ಪಡೆದವನ ತಲೆ ತಗ್ಗಿಸದ ದಾನ ಇದೆಯೇ? ಇದೆ. ಅದರ ಒಳ್ಳೆಯ ಮಾದರಿ ನಮ್ಮ ನೆರೆಯ ಸವದತ್ತಿ ಸೀಮೆಯಲ್ಲಿಯೇ ಸಿಗುತ್ತದೆ. ಸಿರಸಂಗಿ ಲಿಂಗರಾಜ ದೇಸಾಯಿಯವರು 1861ರಲ್ಲಿ ಹುಟ್ಟಿದವರು, ಸಿರಸಂಗಿಯ ದೇಸಗತಿಗೆ ದತ್ತಕ ಬಂದವರು. 1904ರಲ್ಲಿ ಧಾರವಾಡದಲ್ಲಿ ಸೇರಿದ ಮೊದಲ ವೀರಶೈವ ಮಹಾಸಭೆಗೆ ಅವರೇ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ವೀರಶೈವ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಅದರಿಂದ ಹುಟ್ಟಿದ ಟ್ರಸ್ಟಿನಿಂದ ವಿದ್ಯಾರ್ಥಿವೇತನ ಪಡೆದು ಓದಿದವರ ಸಾಲು ದೊಡ್ಡದು. ಈ ದಾನದಲ್ಲಿ ನಾನು ಬಹಳವಾಗಿ ಮೆಚ್ಚುವುದು ಅದರ ಮೊತ್ತವನ್ನಲ್ಲ, ಅದರ ಕ್ರಮವನ್ನು. ಹುಡುಗ ಅರ್ಜಿ ಬರೆದ; ಅರ್ಹತೆಯನ್ನು ನೋಡಿದರು; ಹಣ ಬಂತು; ಅವನು ಓದಿ ಪಾಸಾದ. ದೇಸಾಯಿಯವರ ವಾಡೆಯ ಮುಂದೆ ಅವನು ಕೈಕಟ್ಟಿ ನಿಲ್ಲಬೇಕಾಗಲಿಲ್ಲ, ಏಕೆಂದರೆ ದೇಸಾಯಿಯವರು ಆಗಲೇ ಇರಲಿಲ್ಲ. ದಾನಿಯ ಜಾಗದಲ್ಲಿ ಒಂದು ನಿಯಮ ನಿಂತಿತ್ತು. ನಿಯಮಕ್ಕೆ ಯಾರೂ ಅಡ್ಡ ಬೀಳಬೇಕಾಗಿಲ್ಲ. ಆದ್ದರಿಂದ ಆ ಹುಡುಗ ಡಿಗ್ರಿ ಪಡೆದಾಗ, ಇದು ನನ್ನ ಸಾಧನೆ ಎಂದು ನಿಸ್ಸಂಕೋಚವಾಗಿ ಹೇಳಬಲ್ಲವನಾಗಿದ್ದ, ಹಾಗೆ ಹೇಳುತ್ತಲೇ ಲಿಂಗರಾಜರನ್ನು ನೆನೆಯಬಲ್ಲವನೂ ಆಗಿದ್ದ. ಈ ಎರಡು ಮಾತುಗಳು ಒಂದೇ ಬಾಯಲ್ಲಿ ಒಟ್ಟಿಗೆ ಬರುವಂತೆ ಮಾಡಿದ ದಾನವನ್ನು ನಾನು ಒಳ್ಳೆಯ ದಾನ ಎನ್ನುತ್ತೇನೆ. ಅದು ಒಂದು ಸಮಾಜದ ಗಡಿಯೊಳಗೆ ನಿಂತಿತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಕಾಲದಲ್ಲಿ ಹಲವು ಸಮಾಜಗಳು ತಮ್ಮ ತಮ್ಮ ಮಕ್ಕಳಿಗಾಗಿ ಇಂಥ ಏರ್ಪಾಡುಗಳನ್ನು ಮಾಡಿಕೊಂಡವು, ಮಾಡಿಕೊಳ್ಳಲು ಆಸ್ತಿಯೇ ಇಲ್ಲದವರ ಮಕ್ಕಳು ಹೊರಗೆ ಉಳಿದರು.

ಲಿಂಗರಾಜರ ಹೆಸರಿನ ಜೊತೆಗೆ ಬರುವ ಇನ್ನೊಂದು ಸಂಗತಿಯೂ ಇದೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಎಂಬ ಶಿಕ್ಷಣ ಸಂಸ್ಥೆಯನ್ನು ಕಟ್ಟಿದವರು ಏಳು ಜನ, ಸಪ್ತರ್ಷಿಗಳೆಂದು ಜನ ಕರೆಯುವವರು. ಆ ಸಂಸ್ಥೆಯ ಮೊದಲ ಕಾಲೇಜು 1933ರಲ್ಲಿ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು ಲಿಂಗರಾಜ ಕಾಲೇಜು. ಸಂಸ್ಥೆ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲೇ ತೀರಿಹೋದವರ ಹೆಸರು ಅದು. ಕಟ್ಟಿದವರು ತಮ್ಮ ಸಾಧನೆಯ ನೆತ್ತಿಯ ಮೇಲೆ ತಮಗಿಂತ ಮೊದಲು ಕೊಟ್ಟವರ ಹೆಸರನ್ನು ಬರೆದರು.

ವಿಜಯಪುರದ ಫ.ಗು. ಹಳಕಟ್ಟಿಯವರನ್ನು ಈ ಎರಡು ಪಕ್ಷಗಳಲ್ಲಿ ಯಾವುದಕ್ಕೆ ಸೇರಿಸುವುದು? ಅವರು ವಕೀಲರು. 1910ರಲ್ಲಿ ಬಿ.ಎಲ್.ಡಿ.ಇ. ಎಂಬ ಶಿಕ್ಷಣ ಸಂಸ್ಥೆಗೆ ಬುನಾದಿ ಹಾಕಿದರು. ಊರೂರು ತಿರುಗಿ ತಾಡೋಲೆಗಳನ್ನು ಕೂಡಿಸಿ ವಚನಗಳನ್ನು ಪ್ರಕಟಿಸಿದರು. ಅದಕ್ಕಾಗಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದರು. ಮನೆ ಮಾರಿದ್ದು ದಾನವೋ, ಸಾಧನೆಗೆ ಹಾಕಿದ ಬಂಡವಾಳವೋ? ಅವರಿಂದ ಪಡೆದದ್ದು ಇಡೀ ಕನ್ನಡ ನಾಡು, ಆದರೆ ಯಾರೂ ಅವರ ಮುಂದೆ ಕೈ ಒಡ್ಡಿ ಪಡೆಯಲಿಲ್ಲ. ಪುಸ್ತಕ ತೆರೆದು ಓದಿದರು, ಅಷ್ಟೇ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮೇಲಿನ ಕೊಡುಗೆ ಇಲ್ಲ.

ನಮ್ಮ ಭಾಗದ ಹೊರಗಿನ ಒಂದು ಉದಾಹರಣೆಯನ್ನೂ ಹೇಳಬೇಕು. 1913ರಲ್ಲಿ ಅಂಬೇಡ್ಕರರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ. ಓದು ಮುಗಿದ ಮೇಲೆ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರು ಇತ್ತು. ಕರಾರು ಎಂದರೆ ಇಬ್ಬರನ್ನೂ ಕಟ್ಟುವ ಒಪ್ಪಂದ, ಅದರಲ್ಲಿ ಅವಮಾನವಿಲ್ಲ. ಅವಮಾನ ಬಂದದ್ದು 1917ರಲ್ಲಿ, ಆ ಕರಾರಿನಂತೆ ಅವರು ಬರೋಡಾಕ್ಕೆ ಹೋದಾಗ, ಅಷ್ಟು ಓದಿದ ಮನುಷ್ಯನಿಗೆ ಜಾತಿಯ ಕಾರಣಕ್ಕೆ ಊರಿನಲ್ಲಿ ಇರಲು ಮನೆ ಸಿಗದೆ ಹೋದಾಗ. ಒಬ್ಬ ದೊರೆಯ ಒಳ್ಳೆಯತನ ಊರಿನ ಅನ್ಯಾಯವನ್ನು ತೊಳೆಯಲಾರದು. ದಾನ ಎಷ್ಟೇ ದೊಡ್ಡದಾದರೂ ನ್ಯಾಯ ಮಾಡಬೇಕಾದ ಕೆಲಸವನ್ನು ಅದು ಮಾಡುವುದಿಲ್ಲ. ಅಂಬೇಡ್ಕರರು ತಮ್ಮ ಜನಕ್ಕೆ ಕೇಳಿದ್ದು ಹಕ್ಕನ್ನು.

ಈಗ ನಮ್ಮ ಇಂದಿನ ರೂಢಿಗೆ ಬರುತ್ತೇನೆ. ಇದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನೋಟ್‌ಬುಕ್ ಹಂಚುವ ಕಾರ್ಯಕ್ರಮಗಳಲ್ಲಿ ಆರನೆಯ ಇಯತ್ತೆಯ ಹುಡುಗಿಯನ್ನು ವೇದಿಕೆಗೆ ಕರೆದು, ಒಂದು ಪುಸ್ತಕವನ್ನು ಐದು ಜನ ಹಿರಿಯರು ಒಟ್ಟಿಗೆ ಹಿಡಿದು, ಕ್ಯಾಮರಾದ ಕಡೆ ನೋಡು ಎಂದು ಅವಳಿಗೆ ಹೇಳುವುದನ್ನು ನೀವೆಲ್ಲ ಕಂಡಿದ್ದೀರಿ. ಮರುದಿನ ಆ ಚಿತ್ರ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಆ ಹುಡುಗಿ ಮುಂದೆ ಡಾಕ್ಟರಾದರೂ ಅವಳ ಬಡತನಕ್ಕೆ ಒಂದು ದಾಖಲೆ ಉಳಿದಿರುತ್ತದೆ, ಅವಳ ಅನುಮತಿ ಇಲ್ಲದೆ ತೆಗೆದದ್ದು. ಶಾಲೆಯ ಫ್ಯಾನಿನ ರೆಕ್ಕೆಯ ಮೇಲೆ, ಗೋಡೆಗಡಿಯಾರದ ಮುಖದ ಮೇಲೆ ದಾನಿಯ ಹೆಸರು ಬರೆಸುವುದರ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ವಸ್ತುವಿನ ಮೇಲಿನ ಹೆಸರು ವಸ್ತುವಿನ ಜೊತೆ ಸವೆದುಹೋಗುತ್ತದೆ, ಅದನ್ನು ನೋಡಿ ಇನ್ನೊಬ್ಬನಿಗೆ ಕೊಡುವ ಮನಸ್ಸಾದರೂ ಆಗಬಹುದು. ಮಗುವಿನ ಮುಖದ ಮೇಲೆ ಹೆಸರು ಬರೆಯುವುದು ಬೇಡ.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಗೆ ನುಗ್ಗಿದಾಗ ಎರಡು ಬಗೆಯ ದಾನವನ್ನೂ ನಾವು ನೋಡಿದೆವು. ಹೆಸರು, ಭಾವಚಿತ್ರ ಅಚ್ಚುಹಾಕಿಸಿದ ಚೀಲಗಳು ಬಂದವು. ಅದೇ ದಿನಗಳಲ್ಲಿ, ನೀರು ಬರದ ಊರುಗಳಲ್ಲಿ ಮನೆಮನೆಯ ಹೆಣ್ಣುಮಕ್ಕಳು ರಾತ್ರಿಯೆಲ್ಲ ಕೂತು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ, ಗಂಟು ಕಟ್ಟಿ ಕಳಿಸಿದರು. ಜಾತ್ರೆಯ ದಾಸೋಹಕ್ಕೆ ರೊಟ್ಟಿ ಕೊಡುವ ರೂಢಿ ಇದ್ದದ್ದರಿಂದ ಯಾರೂ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ನೂರಾರು ಮನೆಗಳ ರೊಟ್ಟಿ ಒಂದೇ ಟ್ರ್ಯಾಕ್ಟರಿನಲ್ಲಿ ಕಲೆತು ಹೋದ ಮೇಲೆ ಯಾವ ರೊಟ್ಟಿ ಯಾರದು ಎಂದು ಹೇಳುವವರಿಲ್ಲ. ತಿಂದವರು ಯಾರಿಗೂ ಋಣಿಯಾಗಿ ಕುಗ್ಗಲಿಲ್ಲ. ಮುಂದಿನ ಸಲ ಬೇರೆ ಊರಿಗೆ ಕಷ್ಟ ಬಂದರೆ ತಾವೂ ರೊಟ್ಟಿ ಬಡಿದು ಕಳಿಸುವವರೇ ಅವರು. ಹಾಗೆಂದು ಆ ಹೆಣ್ಣುಮಕ್ಕಳಿಗೆ ಹೆಮ್ಮೆ ಇರಲಿಲ್ಲವೇ? ತನ್ನ ರೊಟ್ಟಿ ತೆಳ್ಳಗೆ, ಹರಿಯದೆ, ದಿನಗಟ್ಟಲೆ ಕೆಡದೆ ಉಳಿಯುತ್ತದೆ ಎಂಬ ಹೆಮ್ಮೆ ಪ್ರತಿಯೊಬ್ಬಳಿಗೂ ಇದ್ದೇ ಇತ್ತು. ಅದು ಕೈಗುಣದ ಹೆಮ್ಮೆ.

ಮಾಡಿದೆನೆಂಬುದು ಮನದಲ್ಲಿ ಹೊಳೆದರೆ ಸಾಕು, ಅದೇ ಕಾಡುತ್ತದೆ ಎಂದು ಬಸವಣ್ಣನವರು ಹೇಳಿದ್ದನ್ನು ಇಲ್ಲಿ ಕೆಲವರು ನೆನೆಯುತ್ತಿರಬಹುದು. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದ ಅವರ ಮಾತು ನಮ್ಮ ಮಣ್ಣಿನದೇ. ಆ ಎತ್ತರಕ್ಕೆ ಏರಿದವರನ್ನು ನಾವು ಕಂಡೂ ಇದ್ದೇವೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಜೇಬಿಲ್ಲದ ಅಂಗಿ ತೊಟ್ಟು, 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದು, ತಮಗೆ ಸ್ಮಾರಕ ಕಟ್ಟಬಾರದೆಂದು ಬರೆದಿಟ್ಟು 2023ರ ಜನವರಿ 2ರಂದು ಹೋದರು. ಅವರನ್ನು ನಾನು ಪೂಜ್ಯಭಾವದಿಂದ ನೆನೆಯುತ್ತೇನೆ. ಆದರೆ ಸಂಸಾರಸ್ಥರಿಗೆ, ವ್ಯಾಪಾರ ಮಾಡುವವರಿಗೆ, ಮಕ್ಕಳ ಫೀ ಕಟ್ಟುವವರಿಗೆ ಆ ಅಳತೆಗೋಲನ್ನೇ ಹಿಡಿದರೆ ಯಾರೂ ಕೊಡಲು ಮುಂದೆ ಬರುವುದಿಲ್ಲ. ಮನಸ್ಸು ಪೂರ್ತಿ ತೊಳೆದುಕೊಂಡ ಮೇಲೆಯೇ ಕೊಡುತ್ತೇನೆ ಎಂದು ಕೂತರೆ ಹುಡುಗಿಯ ಕಾಲೇಜು ಪ್ರವೇಶದ ತಾರೀಖು ದಾಟಿಹೋಗುತ್ತದೆ. ಕೊಟ್ಟವನ ಮನದಲ್ಲಿ ಒಂದಿಷ್ಟು ಹೆಮ್ಮೆ ಉಳಿದರೆ ಉಳಿಯಲಿ. ಅದು ಅವನೂ ಅವನ ದೇವರೂ ಬಗೆಹರಿಸಿಕೊಳ್ಳುವ ಸಂಗತಿ. ಅದರ ಭಾರವನ್ನು ಪಡೆದವನ ಹೆಗಲಿಗೆ ಹಾಕದಿದ್ದರೆ ಸಾಕು. 2013ರ ಕಂಪನಿ ಕಾಯಿದೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕೆಂದು ವಿಧಿಸಿತು. ಕಾಯಿದೆಯಂತೆ ಕೊಟ್ಟದ್ದು ದಾನವೇ ಎಂದು ಕೆಲವರು ಕೇಳುತ್ತಾರೆ. ಆ ಹಣದಿಂದ ಕಟ್ಟಿದ ಶೌಚಾಲಯವಿರುವ ಶಾಲೆಯ ಹುಡುಗಿಗೆ ಆ ಪ್ರಶ್ನೆಯಿಂದ ಆಗಬೇಕಾದದ್ದು ಏನೂ ಇಲ್ಲ.

ಈ ಸಭೆಯಲ್ಲಿ ಹಳೆಯ ವಿದ್ಯಾರ್ಥಿಗಳು ಹಲವರಿದ್ದೀರಿ. ಬೆಂಗಳೂರಿನಲ್ಲಿ, ಪುಣೆಯಲ್ಲಿ ಒಳ್ಳೆಯ ಸ್ಥಿತಿಗೆ ಬಂದು, ಓದಿದ ಶಾಲೆಗೆ ಏನಾದರೂ ಮಾಡಬೇಕೆಂಬ ಆಸೆಯಿಂದ ಬಂದಿದ್ದೀರಿ. ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟು. ಒಬ್ಬೊಬ್ಬರು ಒಂದೊಂದು ಮಗುವನ್ನು ದತ್ತು ತೆಗೆದುಕೊಂಡೆವೆಂದು ಹೇಳುವ ಬದಲು ಎಲ್ಲರ ಹಣವನ್ನೂ ಒಂದೇ ಠೇವಣಿಯಲ್ಲಿ ಕೂಡಿಸಿ. ಯಾವ ಮಕ್ಕಳಿಗೆ ಕೊಡಬೇಕೆಂಬ ನಿಯಮವನ್ನು ಬರೆದು ಶಾಲೆಯ ಗೋಡೆಗೆ ಹಚ್ಚಿ, ಅರ್ಜಿ ಹಾಕುವುದು ತಮ್ಮ ಹಕ್ಕೆಂದು ಮಕ್ಕಳಿಗೆ ತಿಳಿಯುವಂತೆ. ಆಯ್ಕೆಯನ್ನು ಶಿಕ್ಷಕರ ಸಮಿತಿಗೆ ಬಿಡಿ, ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಹೋಗಲಿ. ಚೆಕ್ ವಿತರಣೆಯ ಸಮಾರಂಭ ಬೇಡ. ಸಮಾರಂಭವಿಲ್ಲದೆ ಜನ ಹಣ ಕೊಡುವುದಿಲ್ಲ ಎಂದು ಸಂಘಟಕರು ನನಗೆ ಮೊದಲೇ ಹೇಳಿದ್ದಾರೆ. ಹಾಗೆ ಅನ್ನಿಸುವವರಿಗೆ ಕಟ್ಟಡದ ಕೋಣೆಗಳಿವೆ, ಗ್ರಂಥಾಲಯದ ಕಪಾಟುಗಳಿವೆ, ಅವುಗಳ ಮೇಲೆ ಹೆಸರು ಬರೆಸಲಿ. ಹುಡುಗಿಯನ್ನು ವೇದಿಕೆಗೆ ಕರೆಯಲೇಬೇಕೆಂದಿದ್ದರೆ ಅವಳು ಪರೀಕ್ಷೆಯಲ್ಲಿ ಪಾಸಾದ ಮೇಲೆ ಕರೆಯಿರಿ, ಅವಳ ಅಂಕಗಳನ್ನು ಓದಿ ಹೇಳಿ, ಅವಳ ಅವ್ವ ಅಪ್ಪರನ್ನು ಪಕ್ಕದಲ್ಲಿ ನಿಲ್ಲಿಸಿ ಸನ್ಮಾನ ಮಾಡಿ. ಹಣ ಕೊಟ್ಟವರು ಆ ದಿನ ಕೆಳಗೆ, ಊರವರ ನಡುವೆ ಕೂತಿರಲಿ.